ಕಂಪನಿಯ ಮೇಲೆ ದಾವೆ: ಒಬ್ಬನದೋ, ಊರಿನದೋ?

ಊರಿನ ಗೋಮಾಳವನ್ನು ಸರ್ಕಾರ ಒಂದು ದಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟುಬಿಟ್ಟರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದವರು ಯಾರು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಂಥ ಕಾಡಂಚಿನ ಸೀಮೆಯಲ್ಲಿ ದನ ಮೇಯುವುದು, ಸೌದೆ ತರುವುದು, ತೋಟಕ್ಕೆ ಸೊಪ್ಪು ಕಡಿಯುವುದು ಎಲ್ಲವೂ ನಡೆದುಬಂದದ್ದು ಇಂಥ ಜಮೀನಿನಲ್ಲೇ. ಆದರೆ ಪಹಣಿ ತೆಗೆಸಿ ನೋಡಿದರೆ ಅಲ್ಲಿ ಯಾವ ರೈತನ ಹೆಸರೂ ಇರುವುದಿಲ್ಲ; ಸರ್ಕಾರ ಎಂದಿರುತ್ತದೆ. ದಾವೆ ಹೂಡಲು ಬಂದವನನ್ನು ಸಿವಿಲ್ ನ್ಯಾಯಾಲಯ ಮೊದಲು ಕೇಳುವುದು ‘ಇದರಲ್ಲಿ ನಿನ್ನದೇನು ಹೋಯಿತು?’ ಎಂದು. ‘ನಮ್ಮೂರ ದನಗಳ ಹುಲ್ಲು ಹೋಯಿತು’ ಎಂಬುದು ನ್ಯಾಯವಾದ ಉತ್ತರವೇ ಆದರೂ ಒಬ್ಬನೇ ನಿಂತು ಹೇಳಿದಾಗ ಅದು ಕಾನೂನಿನ ಕಿವಿಗೆ ಅಷ್ಟು ಬೇಗ ಬೀಳುವುದಿಲ್ಲ.

1984ರಲ್ಲಿ ಈ ಪ್ರಶ್ನೆ ಕರ್ನಾಟಕದ ನಾಲ್ಕು ಜಿಲ್ಲೆಗಳ ಮುಂದೆ ನಿಜವಾಗಿಯೇ ಬಂದು ನಿಂತಿತು. ಆ ವರ್ಷ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿದವು. ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯ ಪಾಲು 49. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ಸಾಮುದಾಯಿಕ ಜಮೀನನ್ನು ನಲವತ್ತು ವರ್ಷಗಳ ಗುತ್ತಿಗೆಯ ಮೇಲೆ ಈ ಕಂಪನಿಗೆ ವಹಿಸಿ ಅಲ್ಲಿ ನೀಲಗಿರಿ ಬೆಳೆಸುವುದೆಂದು ಗೊತ್ತಾಯಿತು. ನೀಲಗಿರಿ ಹೋಗುವುದು ರೇಯಾನಿನ ತಿರುಳು ತಯಾರಿಸಲು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಆಗ ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಅವು ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ.

ಆ ಕಾರ್ಖಾನೆ ಹರಿಹರದ ಹೆಸರು ಹೊತ್ತಿದ್ದರೂ ಇರುವುದು ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ, ರಾಣೇಬೆನ್ನೂರು ತಾಲ್ಲೂಕಿನಲ್ಲಿ. ಬಿರ್ಲಾ ಸಮೂಹದ ಈ ಕಾರ್ಖಾನೆ 1972ರಲ್ಲಿ ಕೆಲಸ ಆರಂಭಿಸಿತು. ಹೊನ್ನಾಳಿಯನ್ನು ಹಾದು ಬರುವ ತುಂಗಭದ್ರೆ, ಸೂಳೆಕೆರೆಯಿಂದ ಇಳಿದು ಬರುವ ಹರಿದ್ರೆಯನ್ನು ಕೂಡಿಸಿಕೊಳ್ಳುವುದು ಇದೇ ಹರಿಹರದ ಬಳಿ. ಕಾರ್ಖಾನೆ ಬಳಸಿ ಬಿಟ್ಟ ನೀರು ಸೇರುತ್ತಿದ್ದುದೂ ಇದೇ ಹೊಳೆಗೆ. ಹೀಗಾಗಿ ಒಂದೇ ಸೀಮೆಯ ಜನರಿಗೆ ಒಂದೇ ಕಂಪನಿಯ ಮೇಲೆ ಎರಡು ಬಗೆಯ ದೂರುಗಳಿದ್ದವು: ಒಂದು ನೀರಿನದು, ಇನ್ನೊಂದು ನೆಲದ್ದು.

ನೀರಿನ ದೂರನ್ನು ಮೊದಲು ನೋಡಬಹುದು. ಕಾರ್ಖಾನೆಯ ಕೆಳಗಿನ ಹಳ್ಳಿಯ ಬೆಸ್ತನೊಬ್ಬ, ಅಥವಾ ಹೊಳೆಗೆ ಪಂಪು ಹಾಕಿದ ರೈತನೊಬ್ಬ, ತಾನೊಬ್ಬನೇ ಪರಿಹಾರದ ದಾವೆ ಹೂಡುತ್ತಾನೆ ಎಂದುಕೊಳ್ಳೋಣ. ನಷ್ಟವಾದದ್ದನ್ನು ಅವನು ಸಾಬೀತು ಮಾಡಬೇಕು. ಆ ನಷ್ಟ ಈ ಕಾರ್ಖಾನೆಯ ನೀರಿನಿಂದಲೇ ಆಯಿತೆಂದು ಸಾಬೀತು ಮಾಡಬೇಕು. ಎಷ್ಟು ರೂಪಾಯಿಯ ನಷ್ಟ ಎಂಬುದನ್ನೂ ಹೇಳಬೇಕು. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯಿದೆಯ ಪ್ರಕಾರ ಕೇಳುವ ಹಣ ಹೆಚ್ಚಿದಂತೆ ಕಟ್ಟುವ ಶುಲ್ಕವೂ ಹೆಚ್ಚುತ್ತದೆ. ನೀರು ಎಂದು ಯಾವ ಬಣ್ಣದ್ದಿತ್ತು, ಮೀನು ಯಾವ ದಿನ ಸತ್ತವು ಎಂಬುದಕ್ಕೆ ಸಾಕ್ಷಿ ಬೇಕು. ಪ್ರಯೋಗಾಲಯದ ವರದಿ ಬೇಕು. ಇಷ್ಟಾಗಿ ಗೆದ್ದರೆ ಕಂಪನಿ ಮೇಲ್ಮನವಿ ಹೋಗುತ್ತದೆ, ಅಲ್ಲಿಂದ ಇನ್ನೂ ಮೇಲಕ್ಕೆ. ಕಂಪನಿಗೆ ವಯಸ್ಸಾಗುವುದಿಲ್ಲ, ಬೆಸ್ತನಿಗೆ ಆಗುತ್ತದೆ. ‘ಗೆದ್ದವನು ಸೋತ, ಸೋತವನು ಸತ್ತ’ ಎಂದು ಕೋರ್ಟಿನ ಬಗ್ಗೆ ಹಳ್ಳಿಯವರು ಹೇಳಿಕೊಂಡು ಬಂದದ್ದು ಅನುಭವವಿಲ್ಲದೆ ಅಲ್ಲ.

ಒಂಟಿ ದಾವೆಗೆ ಇನ್ನೊಂದು ಅಪಾಯವಿದೆ. ಒಬ್ಬನೇ ಫಿರ್ಯಾದಿ ಇದ್ದಾಗ ಅವನೊಡನೆ ರಾಜಿ ಮಾಡಿಕೊಳ್ಳುವುದು ಕಂಪನಿಗೆ ಅಗ್ಗ. ಅವನಿಗೆ ಒಂದಿಷ್ಟು ಹಣ ಸೇರುತ್ತದೆ, ಕಡತ ಮುಚ್ಚುತ್ತದೆ, ಮೋರಿ ಮಾತ್ರ ಹರಿಯುತ್ತಲೇ ಇರುತ್ತದೆ. ಹಾಗೆಂದು ಅವನನ್ನು ದೂರುವುದೂ ಸರಿಯಲ್ಲ. ಊರಿನ ಹೊಳೆಯನ್ನು ಕಾಯುವ ಭಾರವನ್ನು ಒಬ್ಬನ ಹೆಗಲಿಗೆ ಹೊರಿಸಿದವರು ಯಾರು?

ಊರೇ ಒಟ್ಟಾಗಿ ದಾವೆ ಹೂಡುವ ದಾರಿ ಹೊಸದೇನಲ್ಲ. ಇಂಗ್ಲೆಂಡಿನ ಹಳೆಯ ಚಾನ್ಸರಿ ನ್ಯಾಯಾಲಯಗಳಲ್ಲಿ ಜಮೀನ್ದಾರನ ವಿರುದ್ಧ ಒಕ್ಕಲುಗಳೆಲ್ಲರ ಪರವಾಗಿ ಕೆಲವರೇ ನಿಂತು ವಾದಿಸುವ ಪದ್ಧತಿ ಇತ್ತು. ಅದು ಭಾರತದ 1882ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 30ನೇ ಕಲಮಾಗಿ, 1908ರ ಸಂಹಿತೆಯಲ್ಲಿ 1ನೇ ಆದೇಶದ 8ನೇ ನಿಯಮವಾಗಿ ಬಂದು ಸೇರಿತು. ವಕೀಲರು ಇದನ್ನು ಪ್ರಾತಿನಿಧಿಕ ದಾವೆ ಎನ್ನುತ್ತಾರೆ. ಒಂದೇ ಹಿತಾಸಕ್ತಿ ಉಳ್ಳ ಹಲವರು ಇದ್ದರೆ, ನ್ಯಾಯಾಲಯದ ಅನುಮತಿ ಪಡೆದು, ಒಬ್ಬರೋ ಕೆಲವರೋ ಎಲ್ಲರ ಪರವಾಗಿ ನಡೆಸಬಹುದು. ಎಲ್ಲರಿಗೂ ನೋಟಿಸು ಹೋಗಬೇಕು. ಅದು ಸಾಧ್ಯವಿಲ್ಲದಿದ್ದರೆ ಬಹಿರಂಗ ಪ್ರಕಟಣೆ ಆಗಬೇಕು. ಪತ್ರಿಕೆಗಳ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ, ಯಾರೂ ಓದದ ಕೋರ್ಟ್ ಪ್ರಕಟಣೆಗಳಲ್ಲಿ ಇಂಥವೂ ಇರುತ್ತವೆ. 1976ರ ತಿದ್ದುಪಡಿಯ ನಂತರ, ಎಲ್ಲರಿಗೂ ತಿಳಿಸದೆ ಇಂಥ ದಾವೆಯಲ್ಲಿ ರಾಜಿಯಾಗುವಂತಿಲ್ಲ, ದಾವೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ.

ತೀರ್ಪು ಎಲ್ಲರನ್ನೂ ಕಟ್ಟುತ್ತದೆ. ಇದೇ ಇದರ ಬಲ, ಇದೇ ಇದರ ತೊಡಕು. ನ್ಯಾಯಾಲಯದ ಕಡೆ ಮುಖ ಹಾಕದವನಿಗೂ ಗೆಲುವಿನ ಫಲ ಸಿಗುತ್ತದೆ. ಪ್ರಾಮಾಣಿಕವಾಗಿ ನಡೆಸಿಯೂ ಸೋತರೆ, ಅದೇ ಪ್ರಶ್ನೆಯನ್ನು ಮತ್ತೆ ಎತ್ತುವ ಹಕ್ಕು ಊರಿನ ಯಾರಿಗೂ ಉಳಿಯುವುದಿಲ್ಲ. ಅಮೆರಿಕದಲ್ಲಿ 1966ರಲ್ಲಿ ತಿದ್ದಿದ 23ನೇ ನಿಯಮ, ಹಣದ ಪರಿಹಾರ ಕೇಳುವ ಸಮೂಹ ದಾವೆಗಳಲ್ಲಿ ‘ನನ್ನನ್ನು ಇದರಿಂದ ಬಿಡಿ, ನನ್ನ ದಾವೆ ನಾನೇ ಹೂಡುತ್ತೇನೆ’ ಎಂದು ಹೊರಬರುವ ಅವಕಾಶ ಇಟ್ಟಿದೆ. ನಮ್ಮ ನಿಯಮ ಅಷ್ಟು ವಿವರಕ್ಕೆ ಹೋಗಿಲ್ಲ. ಬೇಕಾದವನು ಅರ್ಜಿ ಹಾಕಿ ತಾನೂ ಕಕ್ಷಿದಾರನಾಗಬಹುದು, ಅಷ್ಟೆ. ದೇವಸ್ಥಾನದ ಆಸ್ತಿ, ಓಡಾಡುವ ದಾರಿ, ಸಮುದಾಯದ ನಿಧಿ ಮುಂತಾದ ತಗಾದೆಗಳಲ್ಲಿ ಪ್ರಾತಿನಿಧಿಕ ದಾವೆ ಬಳಕೆಯಲ್ಲಿದ್ದರೂ ದೊಡ್ಡ ಕಂಪನಿಗಳ ಎದುರು ಅದು ಹೆಚ್ಚು ಕಾಣಿಸಿಕೊಳ್ಳಲಿಲ್ಲ.

ಪಲ್ಪ್‌ವುಡ್ ಕಂಪನಿಯ ವಿಷಯದಲ್ಲೂ ಈ ದಾರಿ ಇಕ್ಕಟ್ಟಾಗಿಯೇ ಇತ್ತು. ಜಮೀನು ನಾಲ್ಕು ಜಿಲ್ಲೆಗಳಲ್ಲಿ ಚೆಲ್ಲಿಕೊಂಡಿತ್ತು. ಸಿವಿಲ್ ದಾವೆಯನ್ನು ಜಮೀನು ಇರುವ ಕಡೆಯ ನ್ಯಾಯಾಲಯದಲ್ಲಿ ಹೂಡಬೇಕು. ಹಾಗಾದರೆ ಎಷ್ಟು ತಾಲ್ಲೂಕು, ಎಷ್ಟು ದಾವೆ? ಪ್ರತಿವಾದಿಗಳಲ್ಲಿ ಸರ್ಕಾರವೂ ಇರುವುದರಿಂದ ಸಂಹಿತೆಯ 80ನೇ ಕಲಮಿನ ಪ್ರಕಾರ ಎರಡು ತಿಂಗಳ ಮುಂಚಿತ ನೋಟಿಸು ಕೊಡಬೇಕು. ತುರ್ತಿದ್ದರೆ ಅದಕ್ಕೂ ನ್ಯಾಯಾಲಯದ ಅನುಮತಿ ಬೇಡಬೇಕು. ಅಷ್ಟರಲ್ಲಿ ಸಸಿಗಳು ಮೊಣಕಾಲೆತ್ತರ ಬೆಳೆದಿರುತ್ತವೆ.

ಆದರೆ ಹೊತ್ತಿಗೆ ಸರಿಯಾಗಿ ಮೂರನೆಯ ದಾರಿಯೊಂದು ತೆರೆದಿತ್ತು. 1981ರ ಡಿಸೆಂಬರಿನಲ್ಲಿ ಎಸ್.ಪಿ. ಗುಪ್ತಾ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಬಡತನದಿಂದಲೋ ಅಸಹಾಯಕತೆಯಿಂದಲೋ ತಾವೇ ಬರಲಾರದ ಜನರ ಪರವಾಗಿ, ಸ್ವಂತ ನಷ್ಟವಿಲ್ಲದ ನಾಗರಿಕನೂ ಸದುದ್ದೇಶದಿಂದ ಬರಬಹುದೆಂದು ಹೇಳಿತ್ತು. ‘ನಿನ್ನದೇನು ಹೋಯಿತು?’ ಎಂಬ ಹಳೆಯ ಪ್ರಶ್ನೆಯ ಬಿಗಿ ಸಡಿಲಾಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂಬ ಮಾತು ಹಳ್ಳಿಯವರ ಬಾಯಿಗೂ ಬಂದದ್ದು ಆ ದಶಕದಲ್ಲೇ.

ಅಮೆರಿಕದಲ್ಲಿದ್ದು 1979ರಲ್ಲಿ ಊರಿಗೆ ಮರಳಿದ್ದ ಎಸ್.ಆರ್. ಹಿರೇಮಠರು ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸದಲ್ಲಿ ತೊಡಗಿದ್ದರು. ಮುಂದೆ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಆರಂಭವಾಯಿತು. 1984ರ ಅಕ್ಟೋಬರ್ 2ರಂದು ಹೊಳೆಸಾಲಿನ ಜನ ಕುಮಾರಪಟ್ಟಣದ ಕಾರ್ಖಾನೆಯ ಮುಂದೆ ಸೇರಿ ಪ್ರತಿಭಟಿಸಿದರು. 1985ರಲ್ಲಿ ನೀರಿನ ದೂರು ಹೈಕೋರ್ಟಿಗೆ ಹೋಯಿತು. ಆ ಅರ್ಜಿ ಗುರಿಯಿಟ್ಟದ್ದು ನೇರವಾಗಿ ಕಾರ್ಖಾನೆಯ ಮೇಲಲ್ಲ, ಅದನ್ನು ಹತೋಟಿಯಲ್ಲಿಡಬೇಕಾಗಿದ್ದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೇಲೆ. 1974ರ ಜಲ ಕಾಯಿದೆಯಂತೆ ನೋಡಿಕೊಳ್ಳಬೇಕಾದ ಹೊಣೆ ಮಂಡಳಿಯದು. ರಿಟ್ ಅರ್ಜಿ ನಡೆಯುವುದೂ ಮುಖ್ಯವಾಗಿ ಸರ್ಕಾರ ಮತ್ತು ಅದರ ಅಂಗಗಳ ಮೇಲೆ.

ನೆಲದ ದೂರು 1986ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಯಿತು. ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಒಬ್ಬರು. ಕಾರಂತರ ಹಸು ಆ ಗೋಮಾಳಗಳಲ್ಲಿ ಮೇಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹತ್ತು ವರ್ಷ ಹಿಂದಾಗಿದ್ದರೆ ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಬಹುದಿತ್ತು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು.

ಕಾಗದದ ಆಜ್ಞೆ ಬಂದಷ್ಟಕ್ಕೆ ನೀಲಗಿರಿ ಒಣಗುವುದಿಲ್ಲವಲ್ಲ. 1987ರ ನವೆಂಬರ್ 14ರಂದು, ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಡೊಳ್ಳು ಬಾರಿಸುವವರು ಮುಂದೆ, ಊರವರು ಹಿಂದೆ. ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹಣ್ಣು ಮತ್ತು ಮೇವಿಗಾಗುವ ಗಿಡಗಳನ್ನು ಹಚ್ಚಿದರು. ಹೋರಾಟದ ಹೆಸರಿನಲ್ಲೇ ಎರಡೂ ಕೆಲಸ ಇತ್ತು. ನೂರು ಸಸಿ ಎಂದರೆ 75,000 ಎಕರೆಯ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ದೆಹಲಿಯಲ್ಲಿ ವಕೀಲರು ‘ಜನರ ಪರವಾಗಿ’ ಎಂದು ವಾದಿಸುತ್ತಿದ್ದ ಆ ಜನ ಯಾರು ಎಂಬುದು ಅಂದು ಕಣ್ಣಿಗೆ ಬಿತ್ತು. ಎರಡು ಕಡೆಯ ಒತ್ತಡದ ನಡುವೆ 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿಹೋಯಿತು.

ಕೂಡಿ ಹೋರಾಡಿದ್ದರಿಂದ ಗೆದ್ದರು ಎಂದು ಹೇಳಿ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತು ಹೇಳಿದಂತೆ. ಏಕೆ ಗೆದ್ದರು ಎಂಬುದನ್ನು ತಿಳಿಯಲು ಚನ್ನಗಿರಿಯವರಿಗೆ ಪರಿಚಿತವಾದ ಸೂಳೆಕೆರೆಯನ್ನೇ ನೆನೆಯಬಹುದು. ಕೆರೆಯ ಏರಿಯನ್ನು ಪಾಲು ಮಾಡಲು ಬರುವುದಿಲ್ಲ. ಅದು ನಿಂತರೆ ಎಲ್ಲರಿಗೂ ನಿಲ್ಲುತ್ತದೆ, ಒಡೆದರೆ ಎಲ್ಲರ ಮೇಲೂ ಒಡೆಯುತ್ತದೆ. ನನ್ನ ಗದ್ದೆಯ ಎದುರಿನ ಏರಿಯನ್ನಷ್ಟೇ ಉಳಿಸಿಕೊಡಿ ಎಂದು ಯಾರೂ ಕೇಳುವಂತಿಲ್ಲ. ತೂಬಿನ ನೀರು ಹಾಗಲ್ಲ. ಅದು ಒಬ್ಬೊಬ್ಬರ ಗದ್ದೆಗೆ, ಒಬ್ಬೊಬ್ಬರ ಸರದಿಯಲ್ಲಿ, ಅಳತೆಯಲ್ಲಿ ಹೋಗಬೇಕು. ಗುತ್ತಿಗೆಯನ್ನು ರದ್ದುಮಾಡಿ, ಕಾರ್ಖಾನೆಯ ಮೋರಿಯನ್ನು ನಿಲ್ಲಿಸಿ ಎಂಬುದು ಏರಿಯ ಪ್ರಶ್ನೆ. ನನ್ನ ಬೆಳೆ ಹೋಯಿತು, ನನ್ನ ಮಗನ ಕಣ್ಣು ಹೋಯಿತು, ಪರಿಹಾರ ಕೊಡಿ ಎಂಬುದು ತೂಬಿನ ಪ್ರಶ್ನೆ. ಪಲ್ಪ್‌ವುಡ್ ಪ್ರಕರಣದಲ್ಲಿ ಜನ ಕೇಳಿದ್ದು ಏರಿಯನ್ನು ಮಾತ್ರ. ತೂಬಿನ ಪ್ರಶ್ನೆಯನ್ನೂ ಏರಿಯಂತೆಯೇ ನಡೆಸಹೊರಟಾಗ ಏನಾಗುತ್ತದೆಂಬುದಕ್ಕೆ ಅದೇ ವರ್ಷಗಳಲ್ಲಿ ದೇಶದ ಕಣ್ಣ ಮುಂದೆಯೇ ಭೋಪಾಲ ಇತ್ತು.

1984ರ ಡಿಸೆಂಬರ್ 2-3ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿದ ಮೇಲೆ, ಅಮೆರಿಕದ ವಕೀಲರು ಭೋಪಾಲದ ಗಲ್ಲಿಗಳಲ್ಲಿ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳತೊಡಗಿದರು. ಸಂಸತ್ತು 1985ರಲ್ಲಿ ಕಾಯಿದೆ ಮಾಡಿ, ಸಂತ್ರಸ್ತರೆಲ್ಲರ ಪರವಾಗಿ ದಾವೆ ನಡೆಸುವ ಹಕ್ಕನ್ನು ಕೇಂದ್ರ ಸರ್ಕಾರಕ್ಕೆ ಮಾತ್ರ ಕೊಟ್ಟಿತು. ಉದ್ದೇಶ ಒಳ್ಳೆಯದೇ: ಬಡವನೊಬ್ಬ ಬಹುರಾಷ್ಟ್ರೀಯ ಕಂಪನಿಯೆದುರು ಒಂಟಿಯಾಗದಿರಲಿ ಎಂದು. ಸರ್ಕಾರ 330 ಕೋಟಿ ಡಾಲರ್ ಕೇಳಿತು. 1989ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಯಾರ ಶ್ವಾಸಕೋಶದ ಬೆಲೆ ಕಟ್ಟಲಾಗುತ್ತಿತ್ತೋ ಅವರನ್ನು ಮೊದಲು ಯಾರೂ ಕೇಳಲಿಲ್ಲ. ಅದೇ ಡಿಸೆಂಬರಿನಲ್ಲಿ ಕಾಯಿದೆಯನ್ನು ಎತ್ತಿಹಿಡಿದ ನ್ಯಾಯಾಲಯ, ರಾಜಿಗೆ ಮುನ್ನ ಸಂತ್ರಸ್ತರ ಮಾತು ಕೇಳಬೇಕಿತ್ತೆಂಬುದನ್ನು ಒಪ್ಪಿಕೊಂಡಿತು. ರಾಜಿ ಮಾತ್ರ ಉಳಿಯಿತು. ಗಾಯಗೊಂಡವರಲ್ಲಿ ಬಹುಪಾಲು ಮಂದಿಗೆ ಮೊದಲ ಸುತ್ತಿನಲ್ಲಿ ಕೈಗೆ ಬಂದದ್ದು 25,000 ರೂಪಾಯಿ. ಹೆಚ್ಚಿನ ಪರಿಹಾರಕ್ಕಾಗಿ ಸರ್ಕಾರವೇ ಸಲ್ಲಿಸಿದ್ದ ಅರ್ಜಿ 2023ರ ಮಾರ್ಚಿನಲ್ಲಿ ವಜಾ ಆಯಿತು. 1976ರ ತಿದ್ದುಪಡಿ ಹಳ್ಳಿಯ ದಾರಿಯ ತಗಾದೆಯಲ್ಲೂ ಎಲ್ಲರಿಗೆ ತಿಳಿಸದೆ ರಾಜಿ ಬೇಡ ಎಂದಿತ್ತು. ದೇಶದ ಅತಿ ದೊಡ್ಡ ದಾವೆಯಲ್ಲಿ ಆ ಎಚ್ಚರ ಇರಲಿಲ್ಲ.

ಈಚಿನ ವರ್ಷಗಳಲ್ಲಿ ಕೂಡು ದಾವೆಯ ಬಾಗಿಲುಗಳು ಹೆಚ್ಚಿವೆ. ಷೇರುದಾರರಿಗೂ ಠೇವಣಿದಾರರಿಗೂ 2013ರ ಕಂಪನಿ ಕಾಯಿದೆಯ 245ನೇ ಕಲಮು ಇದೆ. ಗ್ರಾಹಕರಿಗೆ 1986ರ ಕಾಯಿದೆಯಲ್ಲಿ ಇದ್ದ ಅವಕಾಶ 2019ರ ಕಾಯಿದೆಯ 35ನೇ ಕಲಮಿನಲ್ಲಿ ಮುಂದುವರಿದಿದೆ. ಬಾಗಿಲು ತೆರೆದಿದ್ದರೂ ಒಳಗೆ ಹೋಗುವಾಗ ತಲೆ ತಗ್ಗಿಸಬೇಕು ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ಬ್ರಿಗೇಡ್ ಲೇಕ್‌ಫ್ರಂಟ್ ಎಂಬ ವಸತಿ ಸಮುಚ್ಚಯದ 1,134 ಮನೆಗಳಲ್ಲಿ 51 ಮನೆಗಳನ್ನು ಕೊಂಡ 91 ಮಂದಿ, ಮನೆ ತಡವಾಗಿ ಕೈಸೇರಿತೆಂದು ಎಲ್ಲ ಖರೀದಿದಾರರ ಪರವಾಗಿ ದೂರು ಕೊಡಲು ಹೊರಟರು. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಲಿಲ್ಲ. ಎಲ್ಲರ ಹಿತಾಸಕ್ತಿಯೂ ಒಂದೇ ಎಂಬುದನ್ನು ದೂರಿನಲ್ಲಿ ತೋರಿಸಿಲ್ಲ. ಆದರೆ ಆ 91 ಮಂದಿ ತಮ್ಮಷ್ಟಕ್ಕೆ ಜಂಟಿ ದೂರುದಾರರಾಗಿ ಮುಂದುವರಿಯಬಹುದು ಎಂದಿತು. ಒಂಟಿ ದಾವೆಗೂ ಊರಿನ ದಾವೆಗೂ ನಡುವೆ ಹೀಗೊಂದು ಮಧ್ಯದ ಜಗಲಿ ಇರುವುದು ಎಷ್ಟೋ ಜನಕ್ಕೆ ತಿಳಿಯದು. ಬಂದವರೆಲ್ಲ ತಮ್ಮ ಹೆಸರು, ತಮ್ಮ ಲೆಕ್ಕ ಬರೆಸಿ, ವಕೀಲರ ಖರ್ಚನ್ನು ಹಂಚಿಕೊಂಡು ನಡೆಸುವ ಕ್ರಮ ಇದು.

ಇವೆಲ್ಲ ಒಟ್ಟಿಗೆ ಕಾಣುವುದು ಕಾಸರಗೋಡಿನಲ್ಲಿ. ಅಲ್ಲಿ ಕೇರಳ ಪ್ಲಾಂಟೇಷನ್ ನಿಗಮ 1970ರ ದಶಕದ ಕೊನೆಯಿಂದ ತನ್ನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ಕನ್ನಡ ಮಾತಾಡುವ ಎಣ್ಮಕಜೆ, ಪಡ್ರೆ ಕಡೆಯ ಮನೆಗಳಲ್ಲಿ ಕಾಣಿಸಿಕೊಂಡ ಕಾಯಿಲೆಗಳ ಬಗ್ಗೆ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ದನಿಯೆತ್ತಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಆದರೆ ಹೆಲಿಕಾಪ್ಟರನ್ನು ನ್ಯಾಯಾಲಯಕ್ಕೆ ಎಳೆದವರು ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಒಬ್ಬ ಹೆಣ್ಣುಮಗಳು. 1998ರಲ್ಲಿ ಅವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2000ದಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ಬಿತ್ತು. ಸುಪ್ರೀಂ ಕೋರ್ಟೂ ಅಲ್ಲ, ಹಿತಾಸಕ್ತಿ ಅರ್ಜಿಯೂ ಅಲ್ಲ. ಒಬ್ಬರ ಮನೆಯ ಮೇಲೆ ಮಾತ್ರ ವಿಷ ಬೀಳದಂತೆ ಹೆಲಿಕಾಪ್ಟರನ್ನು ಹಾರಿಸಲು ಬರುವುದಿಲ್ಲವಾದ್ದರಿಂದ ಒಬ್ಬರ ತಡೆಯಾಜ್ಞೆ ಎಲ್ಲರ ತಡೆಯಾಜ್ಞೆಯಾಯಿತು. ಏರಿಯ ಪ್ರಶ್ನೆಗೆ ಒಬ್ಬರಾದರೂ ಸಾಕು. ಆ ಒಬ್ಬರು ಸಿಗುವುದೇ ಕಷ್ಟ.

ಪರಿಹಾರದ ಕತೆ ಬೇರೆಯೇ ಆಯಿತು. ಯುವ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2011ರ ಮೇ ತಿಂಗಳಲ್ಲಿ ದೇಶದಲ್ಲೆಲ್ಲ ಎಂಡೋಸಲ್ಫಾನ್ ನಿಷೇಧವಾಯಿತು. ಅದೇ ಅರ್ಜಿಯಲ್ಲಿ 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶವಾಯಿತು. ಸಮೂಹಕ್ಕೆ ಇದಕ್ಕಿಂತ ದೊಡ್ಡ ಗೆಲುವು ಬೇಕೆ? ಐದು ವರ್ಷ ಕಳೆಯಿತು. ಎಂಟು ಮಂದಿ ತಮ್ಮ ಹೆಸರಿನಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದರು. 2022ರ ಮೇ ತಿಂಗಳಲ್ಲಿ ಅದು ವಿಚಾರಣೆಗೆ ಬಂದಾಗ ತಿಳಿದದ್ದು, ಸರ್ಕಾರ ಹಣ ಕೊಟ್ಟದ್ದು ಆ ಎಂಟು ಮಂದಿಗೆ ಎಂದು. ನ್ಯಾಯಾಲಯಕ್ಕೆ ಬರುವ ಶಕ್ತಿ ಉಳ್ಳವರಿಗಷ್ಟೇ ಕೊಡುವುದು ಯಾವ ತರ್ಕ ಎಂದು ಪೀಠ ಕೇಳಿತು. ಆ ಎಂಟು ಮಂದಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿತು. ಉಳಿದವರು ಮೂರು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ನ್ಯಾಯಾಲಯದ ಮುಂದಿದ್ದ ಪಟ್ಟಿಯಲ್ಲಿ 119 ಮಂದಿ ಕ್ಯಾನ್ಸರ್ ರೋಗಿಗಳು, 102 ಮಂದಿ ಹಾಸಿಗೆ ಬಿಟ್ಟು ಏಳಲಾರದವರು.